ಕಲೆಯ ವೇಷದಲ್ಲಿ ಕಾವಲು ಕಾಯುವವರಿಗೆ

ಇರುವೆಯ ಎದೆಯನ್ನೇ ಅರಮನೆ ಮಾಡಿಕೊಂಡು, ಬಾಡಿಗೆಯ ಮಾತೆತ್ತದೆ, ಲಕ್ಷಾಂತರ ತಲೆಮಾರುಗಳಿಂದ ಸಂಸಾರ ಸಮೇತ ಬಿಡಾರ ಹೂಡಿರುವ ಬ್ಯಾಕ್ಟೀರಿಯ ಮಹಾಶಯರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮನ್ನು ಹೊತ್ತು ತಿರುಗುವ ಎಲೆ ಕತ್ತರಿಸುವ ಇರುವೆಗಳಿಗೂ, ಅವುಗಳ ರಾಣಿಯವರಿಗೂ ನಮ್ಮ ಲಾಂಡ್ರಿಯ ಪರವಾಗಿ ಇಸ್ತ್ರಿ ಪೆಟ್ಟಿಗೆಯಷ್ಟೇ ಬಿಸಿಬಿಸಿಯಾದ ನಮಸ್ಕಾರಗಳು. ತಾವೆಲ್ಲ ಅಲ್ಲಿ ಕ್ಷೇಮವೆಂದು ಅಕ್ಕ ಹೇಳಿದಳು. ಇಲ್ಲಿ ನಾವು ಕ್ಷೇಮವಲ್ಲ, ಅದನ್ನು ತಿಳಿಸುವುದಕ್ಕಾಗಿಯೇ ಈ ಪತ್ರ. ತಮಗೆ ಕಣ್ಣಿಲ್ಲ, ಅಕ್ಷರಾಭ್ಯಾಸವಾಗಿಲ್ಲ, ಅಂಚೆಯವನು ತಮ್ಮ ವಿಳಾಸ ಹುಡುಕಿಕೊಂಡು ಬರುವಷ್ಟರಲ್ಲಿ ಆ ವಿಳಾಸವೇ ಆರು ಕಾಲುಗಳ ಮೇಲೆ ನಡೆದು ಗೂಡಿನ ಇನ್ನೊಂದು ಮೂಲೆ ಸೇರಿರುತ್ತದೆ ಎಂಬುದನ್ನೆಲ್ಲ ಯೋಚಿಸಿ, ಯಾರಾದರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ದೂರುವ ಮೊದಲು ದೂರುವವನ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ನಮ್ಮದೊಂದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ, ಎರಡರ ನಡುವೆ ಸದಾ ಬೆವರುವ ಮರದ ಮೆಟ್ಟಿಲು. ಅಂಗಡಿ ಭಾವನದು, ಎಂದರೆ ನನ್ನ ಅಕ್ಕನ ಗಂಡನದು; ಅವರು ಹಬೆಯ ಯಂತ್ರದ ಹಿಂದೆ ನಿಂತಿರುತ್ತಾರೆ, ಮನೆಯಲ್ಲಿ ಎಂಥ ಜಗಳ ಬಂದರೂ ಹಬೆಯನ್ನು ಇನ್ನಷ್ಟು ಬಿಟ್ಟುಕೊಂಡು ಕಾಣದಾಗುತ್ತಾರೆ. ಮುಂದುಗಡೆ ಬಟ್ಟೆ ತೆಗೆದುಕೊಂಡು, ಬೈಗುಳವನ್ನೂ ತೆಗೆದುಕೊಂಡು, ಚೀಟಿ ಹರಿದುಕೊಡುವವನು ನಾನು. ಒಳಗಿನ ಕಿಟಕಿಯ ಬೆಳಕಿಗೆ ಮೈಯೊಡ್ಡಿ, ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದು ಕೈಯಲ್ಲಿ ಬೆಕ್ಕಿನ ಮೀಸೆಯಷ್ಟು ಮೆತ್ತನೆಯ ಬ್ರಷ್ಷು ಹಿಡಿದು ಕೂತಿರುವವರು ಭಾವನ ತಾಯಿ, ನಮ್ಮಕ್ಕನ ಅತ್ತೆ. ಬೀದಿಗೆಲ್ಲ ಅವರು ಕಲೆಯಮ್ಮ. ಶಾಯಿ, ಗ್ರೀಸು, ಕಾಫಿ, ತುಕ್ಕು, ಯಾವುದೇ ಕಲೆ ಇರಲಿ, ಒಂದು ಸಲ ಮೂಸಿ ಅದರ ಹುಟ್ಟು, ಮನೆತನ, ವಯಸ್ಸು ಹೇಳಿಬಿಡುತ್ತಾರೆ. ಒಮ್ಮೆ ಒಬ್ಬ ಗಿರಾಕಿಯ ಕಾಲರನ್ನು ಬೆಳಕಿಗೆ ಹಿಡಿದು, ಗಿರಾಕಿಯ ಹೆಂಡತಿ ಪಕ್ಕದಲ್ಲೇ ನಿಂತಿರುವಾಗ, "ಇದು ನಿನ್ನ ತುಟಿ ಬಣ್ಣ ಅಲ್ಲ ಕಣಮ್ಮ" ಎಂದು ತೀರ್ಪು ಕೊಟ್ಟು ನಮಗೆ ಇಬ್ಬರು ಗಿರಾಕಿಗಳನ್ನು ಕಳೆದವರು. ಆಮೇಲೆ ಅವರಿಬ್ಬರೂ ಬೇರೆ ಬೇರೆ ಲಾಂಡ್ರಿಗೆ ಹೋಗುತ್ತಿದ್ದಾರೆಂದು ಕೇಳಿದ್ದೇನೆ.

ಕಲೆಯಮ್ಮನವರ ಕಸುಬಿಗೆ ಎರಡು ಕಟ್ಟಳೆಗಳಿವೆ. ಕಣ್ಣಿಗೆ ಬಿದ್ದ ಕಲೆಯನ್ನು ಬಿಡಕೂಡದು, ಕೈಗೆ ಬಂದ ಗಿರಾಕಿಯ ಸಾಮಾನನ್ನು ಕಳೆಯಕೂಡದು. ಏನು ಮಾಡಿದರೂ ಬಿಡದ ಕಲೆಗಳ ಬಟ್ಟೆಗಳನ್ನು ಅವರು ಹಿಂದಕ್ಕೆ ಕೊಡುವುದಿಲ್ಲ, ಎಸೆಯುವುದೂ ಇಲ್ಲ; ತಮ್ಮ ಬೆನ್ನ ಹಿಂದಿನ 'ಹಠಮಾರಿ ಕಪಾಟಿ'ನಲ್ಲಿ ಇಟ್ಟುಕೊಂಡು, ಮೈಗೆ ಹುರುಪು ಬಂದಾಗಲೆಲ್ಲ ಹೊರಗೆಳೆದು ಇನ್ನೊಂದು ಕೈ ನೋಡುತ್ತಾರೆ. ಆ ಕಪಾಟಿನಲ್ಲಿ ನಾನು ಈ ಮನೆಗೆ ಬರುವ ಮೊದಲಿನಿಂದಲೂ ಒಂದು ಬಿಳಿ ಕೋಟಿದೆ. ಕೋಟಿನ ಒಡೆಯ ಬಹುಶಃ ತೀರಿಕೊಂಡಿದ್ದಾನೆ. ಕಲೆ ಆರೋಗ್ಯವಾಗಿದೆ.

ಇಂಥ ಮನೆಗೆ ತಾವು ಬಂದಿರಿ. ಬಂದದ್ದು ಅಕ್ಕನ ಕೈಹಿಡಿದು. ಅಕ್ಕ ಊರಿನ ವಸ್ತುಸಂಗ್ರಹಾಲಯದಲ್ಲಿ ಜೀವಂತ ಕೀಟಗಳನ್ನು ನೋಡಿಕೊಳ್ಳುವವಳು. ಅಲ್ಲಿನ ಚಾವಣಿ ಸೋರಿ ರಿಪೇರಿಗೆ ಬಿದ್ದಾಗ, ಚಳಿಯನ್ನು ಸಹಿಸದ ಈ ಇರುವೆಗಳನ್ನು ಎಲ್ಲಿಡುವುದೆಂದು ಅಧಿಕಾರಿಗಳೆಲ್ಲ ಗಡ್ಡ ಕೆರೆದುಕೊಂಡರಂತೆ. ನಮ್ಮ ಮಹಡಿಯಲ್ಲಿ ಗೋಡೆಯೊಳಗಿಂದ ಹಬೆಯ ಕೊಳವೆ ಹಾದುಹೋಗುವ ಒಂದು ಕೋಣೆ ಇದೆ. ಮನುಷ್ಯರು ಬಾಳಲಾಗದಷ್ಟು ಸೆಕೆ, ತೇವ. ಆದ್ದರಿಂದಲೇ ಅದನ್ನು ನನಗೆ ಕೊಟ್ಟಿದ್ದರು. "ಇರುವೆಗೆ ಹೇಳಿ ಮಾಡಿಸಿದ ಹಾಗಿದೆ ಕಣೋ!" ಎಂದು ಅಕ್ಕ ಹಿಗ್ಗಿದಳು, ಅಂದಿನಿಂದ ನಾನು ಅಂಗಡಿಯಲ್ಲಿ ಒಗೆಯದ ಬಟ್ಟೆಯ ಮೂಟೆಗಳ ನಡುವೆ ಮಲಗುತ್ತಿದ್ದೇನೆ. ನನ್ನ ದೂರಿನ ಮೊದಲ ಕಲಮು ಇದೇ ಆಗಬಹುದಿತ್ತು. ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದೇನೆ.

ಗಾಜಿನ ಪೆಟ್ಟಿಗೆಯೊಳಗಿನ ತಮ್ಮ ಸಂಸ್ಥಾನದ ವೈಭವವನ್ನು ನಾನು ಹೊಗಳದಿದ್ದರೆ ನಾಲಗೆಗೆ ಹುಳ ಬೀಳುತ್ತದೆ. ಇರುವೆ ಎಲೆ ಕತ್ತರಿಸಿ ತರುತ್ತದೆ, ಆದರೆ ತಿನ್ನುವುದಿಲ್ಲ; ಅಗಿದು ಮೆತ್ತಗೆ ಮಾಡಿ ತಾನು ಸಾಕಿದ ಅಣಬೆಯ ತೋಟಕ್ಕೆ ಉಣಿಸುತ್ತದೆ. ಸ್ಪಂಜಿನ ಹಾಗೆ ಬೆಳೆದ ಆ ತೋಟ ಇರುವೆಗೆ ಉಣಿಸುತ್ತದೆ. ತೋಟವೆಂದ ಮೇಲೆ ಕಳ್ಳರಿಲ್ಲದೆ ಇರುತ್ತಾರೆಯೇ? ಬೆಳೆದ ಅಣಬೆಯನ್ನೇ ತಿಂದು ಕೊಬ್ಬುವ ಪುಂಡ ಬೂಷ್ಟೊಂದು ಯಾವಾಗಲೂ ಬೇಲಿಯಾಚೆ ಹೊಂಚು ಹಾಕಿರುತ್ತದೆ. ಆಗ ತಾವು, ಇರುವೆಯ ಮೈಮೇಲಿನ ಸಣ್ಣ ಸಣ್ಣ ಕುಳಿಗಳಲ್ಲಿ ಕೂತು ಅದರ ಮೈ ಜಿನುಗಿಸುವ ರಸವನ್ನೇ ಉಂಡು ಬೆಳೆದವರು, ಆ ಪುಂಡನಿಗೆ ತಕ್ಕ ಮದ್ದು ಅರೆಯುತ್ತೀರಿ. ಇರುವೆಯ ಊಟ ತೋಟದಲ್ಲಿ, ತೋಟದ ಜೀವ ಇರುವೆಯ ಕೈಯಲ್ಲಿ, ಇಬ್ಬರ ಮಾನವೂ ತಮ್ಮ ಕೈಯಲ್ಲಿ. ಮನುಷ್ಯರು ಗುದ್ದಲಿ ಕಾಣುವ ಎಷ್ಟೋ ಕಾಲ ಮೊದಲೇ ಹೂಡಿದ ವ್ಯವಸಾಯವಂತೆ ಇದು. ಇಷ್ಟು ಕಾಲದಲ್ಲಿ ತಾವು ಒಂದು ದಿನ ಮುಷ್ಕರ ಹೂಡಿಲ್ಲ, ಸನ್ಮಾನ ಕೇಳಿಲ್ಲ, ನಿವೃತ್ತಿಯ ದಿನ ಭಾಷಣ ಮಾಡಿಲ್ಲ. ನಮ್ಮಲ್ಲಿ ಮೂರು ಜನ ಸೇರಿ ಪಾಲುದಾರಿಕೆ ಮಾಡಿದರೆ, ಅಂಗಡಿಯ ಬೋರ್ಡಿನ ಬಣ್ಣ ಒಣಗುವ ಮೊದಲೇ ಮೂವರು ವಕೀಲರು ಬದುಕಿಕೊಳ್ಳುತ್ತಾರೆ. ತಮ್ಮಂಥವರನ್ನು ಎಲೆಮರೆಯ ಕಾಯಿ ಎನ್ನೋಣವೆಂದರೆ, ಇದ್ದ ಎಲೆಯನ್ನೆಲ್ಲ ತಮ್ಮ ಇರುವೆಗಳೇ ಕತ್ತರಿಸಿಬಿಟ್ಟಿವೆ.

ಹೊಗಳಿಕೆ ಮುಗಿಯಿತು. ಈಗ ಕೇಳುತ್ತೇನೆ: ಇಷ್ಟು ಬುದ್ಧಿವಂತರಾದ ತಾವು, ಲೋಕದಲ್ಲಿ ಹಸಿರು, ನೀಲಿ, ನೇರಳೆಯೆಂದು ಇಷ್ಟೆಲ್ಲ ಬಣ್ಣಗಳಿರುವಾಗ, ಬೆಳ್ಳಗೆ ಪುಡಿಪುಡಿಯಾಗಿ, ಇರುವೆಯ ಎದೆಯ ಮೇಲೆ ಯಾರೋ ಹಿಟ್ಟು ಚೆಲ್ಲಿದ ಹಾಗೆ ಕಾಣಿಸಿಕೊಳ್ಳುವುದೆಂದರೇನು? ಬೂಷ್ಟಿನಿಂದ ಕಾಯುವವರು ಬೂಷ್ಟಿನ ಹಾಗೆಯೇ ಕಾಣುವುದೇ? ಪೊಲೀಸರು ಮುಖಕ್ಕೆ ಕರಿಬಟ್ಟೆ ಕಟ್ಟಿ, ಹೆಗಲಿಗೆ ಚೀಲ ಹಾಕಿ, ಕಿಟಕಿ ಹತ್ತಿ ಗಸ್ತು ತಿರುಗಿದರೆ ಮನೆಯವರು ಒನಕೆ ತೆಗೆದುಕೊಂಡದ್ದು ತಪ್ಪಾಗುತ್ತದೆಯೇ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿಟ್ಟರು; ಬೆಳ್ಳಗಿರುವುದೆಲ್ಲ ಬೂಷ್ಟಲ್ಲ ಎಂದು ಹೇಳಿಡುವುದಕ್ಕೆ ಅವರಿಗೆ ತಾವೊಂದು ಸುಳಿವನ್ನಾದರೂ ಕೊಡಬೇಕಿತ್ತು.

ಆದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಬೇರೆ ಊರಿನವರು ಕೀಟಗಳನ್ನು ಹೇಗೆ ಸಾಕುತ್ತಾರೆಂದು ನೋಡಿಕೊಂಡು ಬರಲು ಅಕ್ಕನನ್ನು ಕೆಲವು ದಿನ ಕಳಿಸಿದರು. ಹೊರಡುವಾಗ ಅವಳು ಅತ್ತೆಯ ಕೈ ಹಿಡಿದುಕೊಂಡು, "ದಿನಾ ಎರಡು ಎಲೆ, ಹತ್ತಿಯಲ್ಲಿ ಒಂಚೂರು ನೀರು, ಅಷ್ಟೇ ಅತ್ತೆ. ಗಿರಾಕಿ ಬಟ್ಟೆ ನೋಡ್ಕೊಳ್ಳೋ ಹಾಗೆ ನೋಡ್ಕೊಂಡ್ರೆ ಸಾಕು" ಎಂದಳು. ಅತ್ತೆಗೆ ಇಂಥ ಗೌರವ ಸೊಸೆಯ ಬಾಯಿಂದ ಮೊದಲ ಸಲ ಬಂದದ್ದು. ಅವರು ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಗಿರಾಕಿಯ ಬಟ್ಟೆ ಬಂದರೆ ಮೊದಲು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಭೂತಗನ್ನಡಿ ತೆಗೆದುಕೊಂಡು ಹೋಗಿ ಪೆಟ್ಟಿಗೆಯ ಮುಂದೆ ಕೂತು ನೋಡಿದರು.

"ಅಯ್ಯೋ ನನ್ನಪ್ಪಾ! ಇದರ ಎದೆ ಮೇಲೆಲ್ಲ ಏನೋ ಚೆಲ್ಕೊಂಡಿದೆ!" ಎಂಬ ಕೂಗು ಮೆಟ್ಟಿಲಿಳಿದು ಅಂಗಡಿಗೆ ಬಂತು. ಮರುಕ್ಷಣ, "ಇದಕ್ಕೂ ಹತ್ತಿದೆ! ಇದಕ್ಕೂ! ಥೂ, ನಮ್ಮ ಮನೇಲಿ ಇಟ್ಕೊಂಡು ಇಷ್ಟು ಕೊಳಕಾ, ನೋಡಿದೋರು ಏನಂದ್ಕೊಂಡಾರು!" ಎಂಬುದು ಬಂತು. ಭಾವ ಹಬೆ ಬಿಟ್ಟುಕೊಂಡರು. ನಾನು ಮೇಲೆ ಹೋಗಿ ನೋಡಿದಾಗ, ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೋಪಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ಹಾಕಿಕೊಂಡು (ಇರುವೆ ಕಚ್ಚುವುದು ಅವರ ಲೆಕ್ಕದಲ್ಲಿ ಗುಂಡಿಯ ಪಿನ್ನು ಚುಚ್ಚಿದ ಹಾಗೆ), ಚಿಮುಟದಲ್ಲಿ ತಮ್ಮನ್ನು ಹೊತ್ತ ಒಬ್ಬ ಯಜಮಾನ ಇರುವೆಯನ್ನು ಎತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ಎದೆಯನ್ನು ಉಜ್ಜಿ, ಹತ್ತಿಯಲ್ಲಿ ಒತ್ತಿ, ಬಾಯಿಂದ ಉಫ್ ಎಂದು ಊದಿ ಒಣಗಿಸಿ, ತೋಟದ ಮೇಲೆ ಬಿಡುತ್ತಿದ್ದರು. ಇಸ್ತ್ರಿಯೊಂದು ಬಾಕಿ. "ಇದೆಲ್ಲ ಬೇಕಾ ದೊಡ್ಡಮ್ಮ?" ಎಂದು ನಾನು ಕೇಳಿದ್ದಕ್ಕೆ, "ನೀನು ಕೆಳಗೆ ಚೀಟಿ ಹರಿಯಪ್ಪಾ" ಎಂದರು. ಹರಿದೆ. ಬೆಳ್ಳಗಿದ್ದವು ಎಳೆಯ, ದೊಡ್ಡ ಗಾತ್ರದ ಆಳು ಇರುವೆಗಳು ಮಾತ್ರ, ಗೂಡು ಚಿಕ್ಕದು, ಕಲೆಯಮ್ಮನವರಿಗೆ ತಾಳ್ಮೆ ದೊಡ್ಡದು. ಅಕ್ಕ ಬರುವ ಹೊತ್ತಿಗೆ ಇಡೀ ಸಂಸ್ಥಾನ ಮದುವೆಗೆ ಹೊರಟ ಹಾಗೆ ಲಕಲಕ ಹೊಳೆಯುತ್ತಿತ್ತು.

ಅಕ್ಕ ಪೆಟ್ಟಿಗೆಯೊಳಗೆ ಇಣುಕಿದಳು. "ಬೆಳ್ಳಗಿದ್ದವು ಎಲ್ಲಿ?" ಎಂದಳು. "ಎಲ್ಲಾ ಶುದ್ಧ ಆಯ್ತು ನೋಡು!" ಎಂದು ಅತ್ತೆ ಹೆಮ್ಮೆಯಿಂದ ಸೆರಗಿಗೆ ಕೈ ಒರೆಸಿಕೊಂಡರು. ಅಕ್ಕ ಕೈಚೀಲವನ್ನು ಹೆಗಲಿಂದ ಇಳಿಸದೆ, ಒದ್ದೆ ನೆಲದ ಮೇಲೆ ಹಾಗೆಯೇ ಕೂತುಬಿಟ್ಟಳು. ತಾವು ಯಾರು, ಏನು ಕೆಲಸ ಮಾಡುತ್ತೀರಿ ಎಂಬುದನ್ನು ನಾವು ತಿಳಿದದ್ದು ಆಗ, ಅವಳು ಗೋಡೆಗೆ ಹೇಳುವ ಹಾಗೆ ಹೇಳಿದಾಗ. ಕಾವಲುಗಾರನನ್ನು ಓಡಿಸಿದ ಮೇಲೆ ಅವನ ಪದವಿ ತಿಳಿಯುವುದು ನಮ್ಮ ಮನೆತನದ ಪದ್ಧತಿ.

ಪುಂಡ ಬೂಷ್ಟಿಗೆ ಯಾರು ಸುದ್ದಿ ಮುಟ್ಟಿಸಿದರೋ. ಕೆಲವೇ ದಿನಗಳಲ್ಲಿ ತೋಟದ ಒಂದು ಮೂಲೆ ಕಂದಿ, ಕಾಫಿಪುಡಿ ಉದುರಿಸಿದ ಹಾಗಾಯಿತು. ಇರುವೆಗಳು ಕೆಟ್ಟ ಭಾಗವನ್ನು ಕಚ್ಚಿ ಕಚ್ಚಿ ಹೊರಗೆಸೆದವು, ಎಸೆದಷ್ಟೂ ತೋಟ ಸಣ್ಣದಾಯಿತು, ಸಣ್ಣದಾದ ತೋಟದ ನಡುವೆ ರಾಣಿ ಜಾಗ ಸಾಲದ ಬಾಡಿಗೆದಾರಳ ಹಾಗೆ ಮೈ ಮುದುಡಿ ಕೂತಳು. ಅಕ್ಕ ಈ ರಾಣಿಯನ್ನು ಸಾಕಲು ಹಿಡಿದಾಗ ಅವಳ ಹತ್ತಿರ ಇದ್ದದ್ದು ಒಂದು ಚಿಟಿಕೆ ಅಣಬೆ ಮಾತ್ರ; ಈಗ ಪುನಃ ಅಲ್ಲಿಗೇ ಬಂದು ನಿಲ್ಲುವ ಹಾಗಿತ್ತು. ಇನ್ನೂ ಕೆಟ್ಟ ಸಂಗತಿಯೆಂದರೆ, ಕೋಶದೊಳಗಿನ ಮರಿಗಳು ಹೊರಬರುವ ಕಾಲ ಹತ್ತಿರವಾಗಿತ್ತು. ಹುಟ್ಟಿದ ಇರುವೆಗೆ ತಾವು ತಾವಾಗಿಯೇ ಬಂದು ಅಂಟುವವರಲ್ಲ. ಮೊದಮೊದಲ ಕೆಲವು ಗಂಟೆಗಳಲ್ಲಿ ಮೈ ಬೆಳ್ಳಗಿರುವ ಹಿರಿಯಕ್ಕ ಯಾರಾದರೂ ಬಂದು ಮೈ ಸವರಿದರೆ ಮಾತ್ರ ತಾವು ದಯಮಾಡಿಸುತ್ತೀರಿ. ಸವರಲು ಯಾರೂ ಇಲ್ಲವಾದರೆ ಆ ಮರಿ ಬಾಳೆಲ್ಲ ಬರಿಮೈ. ಬರಿಮೈಯ ಮರಿಗಳಿಂದ ತೋಟ ಉಳಿಯದು, ತೋಟವಿಲ್ಲದೆ ರಾಣಿ ಉಳಿಯಳು.

ಮನೆಯೂ ಉಳಿಯುವ ಹಾಗೆ ಕಾಣಲಿಲ್ಲ. ಅತ್ತೆ ಸೊಸೆ ಮಾತು ಬಿಟ್ಟರು. ಬಿಟ್ಟ ಮಾತುಗಳೆಲ್ಲ ನನ್ನ ಬಾಯಿಗೆ ಬಂದು ಬಿದ್ದವು. ಊಟಕ್ಕೆ ಒಂದೇ ಮೇಜಿಗೆ ಕೂತು, "ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ ಹೇಳೋ ಅವರಿಗೆ" ಎಂದು ಅಕ್ಕ ನನಗೆ ಹೇಳುವುದು, "ಇರುವೆ ತೊಳೆದ ಕೈಗೆ ಉಪ್ಪಿನ ಅಂದಾಜು ಸಿಗಲ್ಲ ಅಂತ ಹೇಳಪ್ಪಾ ನಿಮ್ಮಕ್ಕಂಗೆ" ಎಂದು ಅತ್ತೆ ನನಗೆ ಹೇಳುವುದು, ಭಾವ ತಟ್ಟೆಯಲ್ಲಿ ಹಬೆ ಹುಡುಕುವುದು. ಆಮೇಲೊಂದು ದಿನ ಅಕ್ಕ ತನ್ನ ಬಟ್ಟೆಗಳನ್ನು ಮಡಚತೊಡಗಿದಳು. ಮಡಚುವುದು ನಮ್ಮ ಮನೆಯ ಕಸುಬು, ಯಾರೂ ತಲೆಯೆತ್ತಿ ನೋಡುವುದಿಲ್ಲ. ಅವಳು ಮಡಚಿದ್ದನ್ನು ಟ್ರಂಕಿನೊಳಗೆ ಇಡತೊಡಗಿದಾಗ ಎಲ್ಲರೂ ನೋಡಿದೆವು. ಗೂಡು ಸತ್ತ ದಿನ ತಾನು ಸಂಗ್ರಹಾಲಯದ ಹಿಂದಿನ ಸಿಬ್ಬಂದಿ ಕೋಣೆಗೆ ಹೋಗಿರುತ್ತೇನೆಂದು, ಇದನ್ನೂ ನನ್ನ ಮೂಲಕವೇ, ಗಂಡನಿಗೆ ತಿಳಿಸಿದಳು.

ಮಾನ್ಯರೇ, ಒಂದು ಬಿಳಿ ಪುಡಿಯ ದೆಸೆಯಿಂದ ಒಂದು ಸಂಸಾರ ಮುರಿಯುವುದನ್ನು ತಾವು ಕಲ್ಪಿಸಿಕೊಳ್ಳಬೇಕು. ತಮಗೆ ಸಂಸಾರವೆಂದರೆ ಒಬ್ಬರು ಇಬ್ಬರಾಗುವುದಷ್ಟೆ. ನಮ್ಮಲ್ಲಿ ಇಬ್ಬರು ಒಬ್ಬರಾಗಿ ಇರಬೇಕು, ಅದಕ್ಕೇ ಕಷ್ಟ.

ಟ್ರಂಕಿನ ಮುಚ್ಚಳ ಹಾಕುತ್ತಾ ಅಕ್ಕ, ಕೆಳಗೆ ಕಿಟಕಿಯ ಬಳಿ ಕೂತ ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ, "ಬೆಳ್ಳಗಿರೋವು ಬರೀ ನಾಲ್ಕು ಉಳಿದಿದ್ದಿದ್ರೂ ಸಾಕಿತ್ತು ಅಂತ ಹೇಳೋ ಅವರಿಗೆ" ಎಂದಳು. ನಾನು ಕೆಳಗಿಳಿದು ಹೋಗಿ ಕಲೆಯಮ್ಮನವರ ಮುಂದೆ ನಿಂತು, ಅಂಚೆಯವನ ನಿಷ್ಠೆಯಿಂದ ಅದನ್ನು ಒಪ್ಪಿಸಿದೆ. ಅವರು ಕೈಯಲ್ಲಿದ್ದ ಅಂಗಿಯಿಂದ ತಲೆ ಎತ್ತಲಿಲ್ಲ. ಬ್ರಷ್ಷು ಮಾತ್ರ ನಿಂತಿತು.

"ಹೋಗದೇ ಇರೋವು ಇದಾವಲ್ಲ" ಎಂದರು, ಬಹಳ ಸಣ್ಣ ದನಿಯಲ್ಲಿ.

"ಯಾವುವು?"

"ಎಷ್ಟು ತಿಕ್ಕಿದ್ರೂ ಬಿಡಲಿಲ್ಲ. ಸ್ಪಿರಿಟ್ ಹಾಕಿದೆ, ಸೋಪು ಹಾಕಿದೆ, ಮರುದಿನಕ್ಕೆ ಮತ್ತೆ ಬೆಳ್ಳಗೆ. ಕಪಾಟಲ್ಲಿಟ್ಟಿದೀನಿ."

ಹಠಮಾರಿ ಕಪಾಟಿನಲ್ಲಿ, ಗತಿಸಿದವರ ಆ ಬಿಳಿ ಕೋಟಿನ ಪಕ್ಕದಲ್ಲಿ, ಗುಂಡಿಗಳನ್ನಿಡುವ ಒಂದು ತಗಡಿನ ಡಬ್ಬಿ. ಮುಚ್ಚಳಕ್ಕೆ ಸೂಜಿಯಿಂದ ಮಾಡಿದ ತೂತುಗಳು. ಒಳಗೆ ಒದ್ದೆ ಹತ್ತಿ, ಒಂದು ಹಸಿ ಎಲೆ, ತೋಟದಿಂದ ಮುರಿದಿಟ್ಟ ನೆಲ್ಲಿಕಾಯಿ ಗಾತ್ರದ ಅಣಬೆ, ಅದರ ಮೇಲೆ ಎದೆ ಸೆಟೆಸಿಕೊಂಡು ಓಡಾಡುತ್ತಿರುವ, ಹಾಲಿನಲ್ಲಿ ಮಿಂದೆದ್ದ ಹಾಗಿರುವ, ತಮ್ಮ ಡಜನ್ನುಗಟ್ಟಲೆ ಯಜಮಾನರು! ಕಪಾಟಿನ ಹಿಂದೆಯೂ ಹಬೆಯ ಕೊಳವೆ ಹಾದುಹೋಗುವುದರಿಂದ ಅವರಿಗೆ ಅಲ್ಲಿಯೂ ಸುಖವೇ. "ಅಣಬೆ ಯಾಕಿಟ್ರಿ?" ಎಂದೆ. "ಹೊಟ್ಟೆಗಿಲ್ದೆ ಸಾಯಬಾರದಲ್ಲಪ್ಪಾ. ಗಿರಾಕಿ ಸಾಮಾನು." "ಮತ್ತೆ ಇಷ್ಟು ದಿನ ಹೇಳಲಿಲ್ಲ ಯಾಕೆ? ಅಕ್ಕ ಗಂಟುಮೂಟೆ ಕಟ್ತಾ ಇದಾಳೆ!"

ಕಲೆಯಮ್ಮ ಈಗ ತಲೆ ಎತ್ತಿದರು. ಕಣ್ಣು ಕೆಂಪಾಗಿತ್ತು, ಸ್ಪಿರಿಟ್ಟಿನದೆಂದು ನಾನು ಬರೆದುಕೊಳ್ಳುತ್ತೇನೆ. "ಒಂದು ಕಲೆ ತೆಗೆಯೋಕೆ ನನ್ನ ಕೈಲಿ ಆಗಲಿಲ್ಲ ಅಂತ ಸೊಸೆ ಮುಂದೆ ಹೋಗಿ ಹೇಳ್ಲಾ?" ಎಂದರು.

ಈ ಮಾತನ್ನು ನಾನು ಮೇಲಕ್ಕೆ ಒಯ್ಯಬೇಕಾಗಲಿಲ್ಲ. ಅಕ್ಕ ಅಷ್ಟರಲ್ಲಿ ಮೆಟ್ಟಿಲಿನ ಮೇಲೇ ನಿಂತಿದ್ದಳು. ಅವಳು ಕೆಳಗಿಳಿದು ಬಂದು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಒಳಗೆ ನೋಡಿದಳು, ಅತ್ತೆಯ ಮುಖ ನೋಡಿದಳು, ಮತ್ತೆ ಒಳಗೆ ನೋಡಿ, ನಗುತ್ತಾಳೋ ಅಳುತ್ತಾಳೋ ತಿಳಿಯದ ಹಾಗೆ ಒಂದು ಸದ್ದು ಮಾಡಿದಳು. ಹಬೆಯೊಳಗಿಂದ ಭಾವ ಹೊರಬಂದರು. ಅವರ ಮುಖ ನಾನು ಅಷ್ಟು ಸ್ಪಷ್ಟವಾಗಿ ನೋಡಿದ್ದು ಅವರ ಮದುವೆಯಾದ ಮೇಲೆ ಅದೇ ಮೊದಲು.

ಡಬ್ಬಿಯವರನ್ನು ಉಳಿದ ತೋಟದ ಮೇಲೆ ಬಿಟ್ಟರು. ಮರಿಗಳು ಕೋಶ ಬಿಟ್ಟು ಬಂದವು, ಹಠಮಾರಿ ಹಿರಿಯಕ್ಕಂದಿರು ಮೈ ಸವರಿದರು. ಆಮೇಲೆ ಕಾಯುವ ಕೆಲಸ. ಹೊಸ ಮರಿಯ ಮೇಲೆ ತಾವು ಒಮ್ಮೆಗೇ ಪ್ರತ್ಯಕ್ಷರಾಗುವುದಿಲ್ಲ. ದೊಡ್ಡ ಮನುಷ್ಯರಲ್ಲವೇ, ತಡವಾಗಿಯೇ ಬರುತ್ತೀರಿ. ಒಂದೇ ಭೂತಗನ್ನಡಿಗೆ ಎರಡು ತಲೆ ಜೋಡಿಸಿಕೊಂಡು ಅತ್ತೆ ಸೊಸೆ ಪೆಟ್ಟಿಗೆಯ ಮುಂದೆ ಕೂತರು, ಆದರೂ ಮಾತಿಲ್ಲ. ಬಾಳೆಲ್ಲ ಕಲೆ ಹೋಗಲೆಂದು ಹಾರೈಸಿದ ಹೆಂಗಸು ಹಲ್ಲುಜ್ಜುವ ಮೊದಲೇ ಮೇಲೆ ಹೋಗಿ ಕಲೆ ಬರಲೆಂದು ಹಾರೈಸುವುದನ್ನು ನಾನು ನೋಡಿದೆ.

ಬಂತು. ಅಂಗಡಿಯಲ್ಲಿ ಗಿರಾಕಿಗಳು ತುಂಬಿರುವ ಹೊತ್ತಿಗೇ ಬಂತು. "ಕಲೆ ಬಂತು! ಲೇ ಹುಡುಗೀ, ಬಾರೇ, ಕಲೆ ಬಂತು! ಎದೆ ತುಂಬಾ ಕಲೆ!" ಎಂದು ಕಲೆಯಮ್ಮ ಮೆಟ್ಟಿಲ ತುದಿಯಲ್ಲಿ ನಿಂತು, ಬೀದಿಯ ಆ ಕೊನೆಗೆ ಕೇಳುವ ಹಾಗೆ ಕೂಗಿದರು. ಅಷ್ಟು ದಿನದ ಮೇಲೆ ಅವರು ಸೊಸೆಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅಕ್ಕ ಎರಡೆರಡು ಮೆಟ್ಟಿಲು ಹಾರಿ ಓಡಿದಳು. ಸಾಲಿನಲ್ಲಿದ್ದ ಗಿರಾಕಿಗಳು ತಮ್ಮ ತಮ್ಮ ಕೋಟುಗಳನ್ನು ಎದೆಗೆ ಅವಚಿಕೊಂಡು, ನನ್ನ ಮುಖವನ್ನೊಮ್ಮೆ ನೋಡಿ, ಒಬ್ಬೊಬ್ಬರಾಗಿ ಹೊರಗೆ ನಡೆದರು.

ಇಲ್ಲಿಂದಲೇ ನನ್ನ ಪ್ರಾರ್ಥನೆಗಳು ಶುರುವಾಗುತ್ತವೆ. ದಯವಿಟ್ಟು ತಾವು ಮುಂದಿನ ತಲೆಮಾರಿನಿಂದಲಾದರೂ ಬೇರೊಂದು ಬಣ್ಣ ಧರಿಸಬೇಕು, ಅದಾಗದಿದ್ದರೆ ಪ್ರತಿ ಇರುವೆಯ ಕೊರಳಿಗೂ 'ಇದು ಕಲೆಯಲ್ಲ' ಎಂಬ ಫಲಕ ತೂಗುಹಾಕಬೇಕು, ಅಕ್ಷರ ಸಾಕಷ್ಟು ದೊಡ್ಡದಿರಲಿ. ತಮ್ಮಲ್ಲಿ ಕೆಲವರು ಬಿಡುವು ಮಾಡಿಕೊಂಡು ನಮ್ಮ ಭಾವನ ಎದೆಯಲ್ಲಿ ನೆಲೆಸಿ, ಹಬೆಯಿಲ್ಲದೆ ಬದುಕುವಷ್ಟು ಧೈರ್ಯವನ್ನು ಅಲ್ಲಿ ಬೆಳೆಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾವು ಖುದ್ದಾಗಿ ಬಂದು, ಶಾಯಿ, ಗ್ರೀಸು, ಕಾಫಿಗಳು ತಮ್ಮ ದಾಯಾದಿಗಳಲ್ಲವೆಂದು ಕಲೆಯಮ್ಮನವರ ಎದುರು ಪ್ರಮಾಣ ಮಾಡಬೇಕು. ಏಕೆಂದರೆ ಅವರು ಈಗ ಬಟ್ಟೆಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ಯೋಚಿಸಿ, "ಇರಲಿ ಬಿಡಪ್ಪಾ, ಏನನ್ನ ಕಾಯ್ತಾ ಇದೆಯೋ ಯಾರಿಗೆ ಗೊತ್ತು" ಎಂದು ಒಗೆಯದೆಯೇ ಮಡಚಿ ಹಿಂದಕ್ಕೆ ಕೊಡುತ್ತಿದ್ದಾರೆ. ನಿನ್ನೆ ಒಬ್ಬ ಮೆಕ್ಯಾನಿಕ್ಕು ತನ್ನ ಅಂಗಿಯನ್ನು ತಂದ ಹಾಗೆಯೇ ತೆಗೆದುಕೊಂಡು ಹೋದ. ಜೊತೆಗೆ, ಅದನ್ನು ಬೆಚ್ಚಗೆ ಒದ್ದೆಯಾಗಿ ಇಟ್ಟುಕೋ ಎಂಬ ಸಲಹೆಯನ್ನೂ.

ಚಾವಣಿಯ ರಿಪೇರಿ ಮುಗಿಯಿತೆಂದು ಸಂಗ್ರಹಾಲಯದವರು ಹೇಳಿ ಕಳಿಸಿದ್ದಾರೆ. ಗೂಡನ್ನು ಒಯ್ಯಲು ಅಕ್ಕ ಸಿದ್ಧಳಿದ್ದಾಳೆ, ಅತ್ತೆ ಬಿಡುತ್ತಿಲ್ಲ. "ಅಲ್ಲಿ ಯಾರಿದಾರೆ ಅಂತ ಕಳಿಸ್ತೀಯಾ? ಎಲ್ಲಾ ಓದಿದೋರು, ತೊಳೆದುಗಿಳೆದುಬಿಟ್ಟಾರು!" ಎಂದು ಸೊಸೆಗೆ ನೇರವಾಗಿಯೇ, ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಸೊಸೆಯೂ ನೇರವಾಗಿಯೇ ಜಗಳವಾಡುತ್ತಾಳೆ. ನನ್ನ ಅಂಚೆ ಕೆಲಸ ಹೋಯಿತು, ಕೋಣೆಯಂತೂ ಮೊದಲೇ ಹೋಗಿತ್ತು. ಆದರೂ ಮಡಚಿದ ಬಟ್ಟೆಗಳು ಟ್ರಂಕಿನಿಂದ ಬೀರುವಿಗೆ ವಾಪಸು ಬಂದಿವೆಯೆಂಬ ಒಂದೇ ಕಾರಣಕ್ಕೆ ತಮ್ಮ ಮೇಲಿನ ಈ ದೂರನ್ನು ಇನ್ನೂ ಮೇಲಿನವರಿಗೆ ಒಯ್ಯದೆ ಇಲ್ಲಿಗೇ ನಿಲ್ಲಿಸಿದ್ದೇನೆ.

ಬಟ್ಟೆಯ ಮೂಟೆಗಳ ನಡುವೆ ಮಲಗಿ ಮೈಯೆಲ್ಲ ಕಲೆ ಮಾಡಿಕೊಂಡಿದ್ದರೂ ಯಾರಿಂದಲೂ ಎಲೆ ಪಡೆಯದ,
ತಮ್ಮ ವಿಶ್ವಾಸಿ,
ಲಾಂಡ್ರಿಯಲ್ಲಿ ಚೀಟಿ ಹರಿಯುವವನು

ಮರೆತ ಮಾತು: ಹಠಮಾರಿ ಕಪಾಟಿನ ಆ ಬಿಳಿ ಕೋಟಿನ ಮೇಲೆ ಈ ವಾರ ಬೂಷ್ಟು ಬಂದಿದೆ, ಅಪ್ಪಟ, ನಾರುವ, ಯಾರನ್ನೂ ಕಾಯದ ಬೂಷ್ಟು. ಅದು ತಮ್ಮವರಲ್ಲವೆಂದು ನಾನೂ ಅಕ್ಕನೂ ಆಣೆ ಮಾಡಿ ಹೇಳಿದೆವು. ಕಲೆಯಮ್ಮ ನಮ್ಮಿಬ್ಬರನ್ನೂ ಕನಿಕರದಿಂದ ನೋಡಿದರು. ಇಂದು ಬೆಳಿಗ್ಗೆ ಕೋಟಿನ ಜೇಬಿನಲ್ಲಿ ಒಂದು ಹಸಿ ಎಲೆ ಇತ್ತು.